ಐದನೆಯ ಪುಸ್ತಕದಿಂದ ಮುಂದೆ

“ಒಂದು ಸಹಿ, ಅಷ್ಟೇ ಅಕ್ಕಾ,” ಎಂದು ಕೆರೆ ಮೇಷ್ಟ್ರು ಕಾಗದವನ್ನು ಸ್ಕ್ಯಾನರಿನ ಪಕ್ಕಕ್ಕೆ ಸರಿಸಿದಾಗ ಇಸ್ತ್ರಿಯಕ್ಕನ ಎರಡೂ ಕೈಗಳು ಒಂದು ಹಳೆಯ ಚಿತ್ರಸಂಪುಟದ ಬೆನ್ನನ್ನು ಹಿಡಿದಿದ್ದವು. ಕಲಾ ಇತಿಹಾಸ ವಿಭಾಗದ ಪುಸ್ತಕ. ಅಂಟು ಒಣಗಿ, ಹಾಳೆಗಳು ಮುಟ್ಟಿದರೆ ಮುನಿಯುವಂತಿದ್ದವು. ಕೈ ಬಿಟ್ಟರೆ ಎಲ್ಲ ಉದುರುತ್ತಿತ್ತು.

“ಅಲ್ಲೇ ಇಡಿ. ಓದಿ ಹಾಕ್ತೀನಿ.”

“ಓದೋದು ಏನಿದೆ? ನಾನು ಬಳಸಿದ ಸ್ಕ್ಯಾನ್ ಪ್ರತಿ ಮೂಲದಂತಿದೆ ಅಂತ ಒಂದು ಸಾಲು. ಗುರುವಾರ ಮೌಖಿಕ ಪರೀಕ್ಷೆ. ಈ ಕಾಗದ ಇಲ್ಲದೆ ಒಳಗೆ ಬಿಡಲ್ಲವಂತೆ.”

“ಓದದೆ ನಾನು ಹಾಲಿನವನ ಚೀಟಿಗೂ ಸಹಿ ಹಾಕಿಲ್ಲ ಮೇಷ್ಟ್ರೇ.”

ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಚೀಲದಿಂದ ದಪ್ಪ ಪ್ರಬಂಧದ ಒಂದು ಪ್ರತಿಯನ್ನು ತೆಗೆದು ಕಾಗದದ ಮೇಲೆ ಭಾರಕ್ಕಿಟ್ಟಂತೆ ಇಟ್ಟು, ಸೋಮವಾರ ಶಾಲೆ ಬಿಟ್ಟ ಮೇಲೆ ಬರುವುದಾಗಿ ಹೇಳಿ ಹೋದರು. ಅದು ಶುಕ್ರವಾರ.

ಇಸ್ತ್ರಿಯಕ್ಕ ಎಂಬುದು ಗ್ರಂಥಾಲಯದವರು ಇಟ್ಟ ಹೆಸರು. ನೆಲಮಾಳಿಗೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಆಕೆಯ ಕೈಯಿಂದ ಹೊರಬಂದ ಪುಟಗಳಲ್ಲಿ ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ. ಹುಳು ತಿಂದದ್ದು, ಚಹಾ ಚೆಲ್ಲಿದ್ದು, ಯಾರೋ ಪುಣ್ಯಾತ್ಮರು ಬೆರಳಿಗೆ ಎಂಜಲು ಹಚ್ಚಿ ತಿರುವಿದ್ದು ಎಲ್ಲವೂ ಅವರ ಪರದೆಯ ಮೇಲೆ ಮಾಯ. ಮೇಲಿನ ಮೂರು ಮಹಡಿಗಳಲ್ಲಿ ಕಲಾ ಇತಿಹಾಸ, ಜೀವಶಾಸ್ತ್ರ, ಅರ್ಥಶಾಸ್ತ್ರದವರಿದ್ದರು. ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಆದರೆ ಮೂವರೂ ಮೆಟ್ಟಿಲಿಳಿದು ಬರಬೇಕಾದದ್ದು ಇದೇ ಕೋಣೆಗೆ. ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ಮಂಡಿ ಈಗಲೇ ನಿವೃತ್ತಿ ಪಡೆದಿತ್ತು.

ಕೆರೆ ಮೇಷ್ಟ್ರ ಪಾಡು ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು. ಬೆಳಿಗ್ಗೆಯಿಂದ ಮೂರರವರೆಗೆ ಶಾಲೆಯಲ್ಲಿ ಪಾಠ, ಆಮೇಲೆ ಸಂಶೋಧನೆ. ಊರಿನ ಕೆರೆಯ ಪಕ್ಕ ಬಣ್ಣದ ಕಾರ್ಖಾನೆ ಬಂದು ಕೆರೆ ಸತ್ತದ್ದು, ಮೀನು ಹಿಡಿಯುತ್ತಿದ್ದವರು ಕಾರ್ಖಾನೆಯ ಕೂಲಿಗಳಾದದ್ದು, ಇದು ಅವರ ವಿಷಯ. ಅರ್ಥಶಾಸ್ತ್ರದವರು ಇದು ಜೀವಶಾಸ್ತ್ರ ಅನ್ನುತ್ತಿದ್ದರು, ಜೀವಶಾಸ್ತ್ರದವರು ಇದು ಅರ್ಥಶಾಸ್ತ್ರ ಅನ್ನುತ್ತಿದ್ದರು. ಹೀಗೆ ಒಂಬತ್ತು ವರ್ಷ ಸವೆದಿತ್ತು. ಮೇಷ್ಟ್ರಿಗೆ ಐವತ್ತೊಂದಾಗಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಸ್ತ್ರಿಯಕ್ಕ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೊದಲಿಗೆ ಕೃತಜ್ಞತೆಯ ಪುಟವನ್ನೇ ತೆರೆದರು, ಯಾರಾದರೂ ಮಾಡುವಂತೆ. ಮಾರ್ಗದರ್ಶಕರಾದ ಮೇಲೆ, ಹೆಂಡತಿಗಿಂತ ಮೊದಲು, ‘ನೆಲಮಾಳಿಗೆಯ ಅಕ್ಕ’ ಎಂದಿತ್ತು. ಅವರಿಗೆ ಸಂತೋಷವಾಯಿತು, ಸುಳ್ಳೇಕೆ.

ಪ್ರಬಂಧದ ಬೆನ್ನೆಲುಬು ಒಬ್ಬ ಅಂಚೆ ಗುಮಾಸ್ತ ಬರೆದ ಒಂಬತ್ತು ನೋಟ್‌ಪುಸ್ತಕಗಳು. ಆತ ಇಪ್ಪತ್ತೆರಡು ವರ್ಷ, ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಕೆರೆಯ ಏರಿಯ ಮೇಲೆ ನಿಂತು ನೀರಹಕ್ಕಿಗಳನ್ನು ಎಣಿಸಿ ಬರೆದಿದ್ದ. ಹೇಳಿದವರಿಲ್ಲ, ಕೇಳಿದವರಿಲ್ಲ. ಆತ ತೀರಿಕೊಂಡ ಮೇಲೆ ಮನೆಯವರು ಆ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಸ್ಕ್ಯಾನ್ ಮಾಡಲು ಕೊಟ್ಟು ವಾಪಸು ಒಯ್ದಿದ್ದರು. ಹದಿನಾಲ್ಕು ವರ್ಷದ ಹಿಂದಿನ ಮಾತು. ಟ್ರಂಕಿನ ವಾಸನೆ ಇಸ್ತ್ರಿಯಕ್ಕನಿಗೆ ಇನ್ನೂ ನೆನಪಿತ್ತು.

ನೂರಾ ಹದಿನೆಂಟನೆಯ ಪುಟದಲ್ಲಿ ಮೇಷ್ಟ್ರು ಬರೆದಿದ್ದರು: ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ಗುಮಾಸ್ತರು ‘ಕೈ ನಡುಗುತ್ತಿದೆ. ಇನ್ನು ಬರೆಯುವುದು ಆಗುವುದಿಲ್ಲ’ ಎನ್ನುತ್ತಾರೆ. ಕಾರ್ಖಾನೆ ಶುರುವಾದ ವರ್ಷವೇ ಐದನೆಯ ಪುಸ್ತಕ ಶುರುವಾಗುತ್ತದೆ. ಅಲ್ಲಿಂದ ಒಂಬತ್ತನೆಯ ಪುಸ್ತಕದವರೆಗೆ ಪ್ರತಿ ಪುಟದಲ್ಲೂ ತಾರೀಖು ಇದೆ, ಕೆಳಗೆ ಏನೂ ಇಲ್ಲ. ಹತ್ತು ವರ್ಷ ಒಬ್ಬ ಮನುಷ್ಯ ಏರಿಯ ಮೇಲೆ ನಿಂತು ಒಂದೇ ಒಂದು ಹಕ್ಕಿಯನ್ನು ಕಾಣದೆ ಹಿಂದಿರುಗಿದ್ದಾನೆ.

ಅಕ್ಕ ಆ ಸಾಲನ್ನು ಎರಡು ಸಲ ಓದಿದರು.

ಪುಟಗಳು ಖಾಲಿಯಿರಲಿಲ್ಲ. ಅವುಗಳ ತುಂಬ ಚುಕ್ಕಿಗಳಿದ್ದವು. ಪೆನ್ಸಿಲಿನ ಸಣ್ಣ ಸಣ್ಣ ಚುಕ್ಕಿಗಳು, ಸಾಸಿವೆಗಿಂತ ಚಿಕ್ಕವು. ಆಗ ಹೊಸ ತಂತ್ರಾಂಶ ಬಂದಿತ್ತು. ಕಲೆ ತೆಗೆಯುವ ಗುಂಡಿಯನ್ನು ಏಳಕ್ಕೆ ತಿರುಗಿಸಿದರೆ ಪುಟ ಹಾಲಿನಲ್ಲಿ ತೊಳೆದಂತಾಗುತ್ತಿತ್ತು. ನೊಣದ ಹಿಕ್ಕೆ ಅಂದುಕೊಂಡಿದ್ದರು. ಹಳೆಯ ಪುಸ್ತಕ, ಟ್ರಂಕು, ನೊಣ, ಇದರಲ್ಲಿ ಅನುಮಾನಪಡುವುದೇನಿದೆ? ನೊಣಗಳಿಗೆ ಐದೈದರ ಗುಂಪು ಮಾಡಲು ಬರುತ್ತದೆಯೇ ಎಂದು ಮಾತ್ರ ಆಗ ಕೇಳಿಕೊಂಡಿರಲಿಲ್ಲ.

ಗುಮಾಸ್ತನ ಕೈ ದುಃಖಕ್ಕೆ ನಡುಗಿದ್ದಲ್ಲ. ಅದು ಬರಿ ನಡುಗುವ ಕೈ. ಅಕ್ಷರ ಬರೆಯಲಾಗದ ಮೇಲೆ ಹಕ್ಕಿಗೊಂದು ಚುಕ್ಕಿ ಇಟ್ಟಿದ್ದ.

“ಏನೇ, ಮುಖ ಹರಳೆಣ್ಣೆ ಕುಡಿದ ಹಾಗಾಗಿದೆ?” ಎಂದರು ಗಂಡ. ಅವರು ನೆಲದ ಮೇಲೆ ಟೇಬಲ್ ಫ್ಯಾನನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ಮನೆ ಸೇರಿದ ಮೇಲೆ ಮನೆಯಲ್ಲಿ ಸರಿಯಾಗಿದ್ದ ಯಾವ ಯಂತ್ರವನ್ನೂ ಅವರು ಸುಮ್ಮನೆ ಬಿಟ್ಟಿರಲಿಲ್ಲ.

ಅಕ್ಕ ಹೇಳಿದರು. ಗಂಡ ಸ್ಕ್ರೂ ಒಂದನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೇಳಿದರು.

“ಹಕ್ಕಿ ಇದ್ದವೋ ಇಲ್ಲವೋ, ಈಗ ಕೆರೆನೇ ಇಲ್ವಲ್ಲ. ನಾನು ಮೂವತ್ತು ವರ್ಷ ಬಸ್ ನಿಲ್ಲಿಸಿದ ಡಿಪೋ ಇರೋದೇ ಆ ಕೆರೆ ಹೊಟ್ಟೆ ಮೇಲೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಾರ್ಖಾನೆಯಿಂದ ಕೆರೆ ಹಾಳಾಯ್ತು ಅಂತ ಮೇಷ್ಟ್ರು ಬರೆದಿದ್ದಾರೆ, ಹಾಳಾಗಿರೋದು ನಿಜ. ಒಂದು ಹತ್ತು ವರ್ಷ ಹಿಂದೆ ಮುಂದೆ.”

“ಆ ಹತ್ತು ವರ್ಷನೇ ಪ್ರಬಂಧ.”

“ಸಹಿ ಹಾಕು. ಎಂಟು ತಿಂಗಳಿದೆ ನಿಂಗೆ. ಕೊನೇ ಟ್ರಿಪ್ಪಲ್ಲಿ ಯಾರಾದ್ರೂ ಬೇಕು ಅಂತಾನೇ ಬಸ್ಸನ್ನ ಗುಂಡಿಗಿಳಿಸ್ತಾರಾ?”

ಅಕ್ಕ ಪ್ರಬಂಧವನ್ನು ಮುಚ್ಚಿ ಕೇಳಿದರು. “ನೀವು ಯಾವತ್ತಾದ್ರೂ ಹಿಂದೆ ನೋಡದೆ ರಿವರ್ಸ್ ತಗೊಂಡಿದ್ದೀರಾ?”

ಗಂಡ ತುಟಿಯಿಂದ ಸ್ಕ್ರೂ ತೆಗೆದರು. “ಒಂದು ಸಲ,” ಎಂದರು. ಆಮೇಲೆ, “ನಾಯಿ,” ಎಂದರು. ಮತ್ತೆ ಫ್ಯಾನಿನ ಕಡೆ ಬಗ್ಗಿದರು. ಆ ದಿನ ಆ ವಿಷಯ ಅವರಿಬ್ಬರ ನಡುವೆ ಇನ್ನು ಬರಲಿಲ್ಲ.

ಸೋಮವಾರ ಅಕ್ಕ ಮುಕ್ಕಾಲು ಗಂಟೆ ಮುಂಚೆಯೇ ಕೆಲಸಕ್ಕೆ ಹೋದರು. ಮೊದಲು ನೋಡಿದ್ದು ಕಚ್ಚಾ ಚಿತ್ರಗಳ ದಾಖಲೆಯನ್ನು, ಅಂದರೆ ಯಂತ್ರ ಪುಟವನ್ನು ಕಂಡ ಹಾಗೆಯೇ ತೆಗೆದ, ತೊಳೆಯದ ಚಿತ್ರಗಳು. ಡಿಸ್ಕಿನಲ್ಲಿ ಜಾಗ ಸಾಲದೆ ಮೂರು ತಿಂಗಳಿಗೊಮ್ಮೆ ಅವನ್ನು ಅಳಿಸುವ ರೂಢಿ ಆಗಿತ್ತು. ಗುಮಾಸ್ತನ ಪುಸ್ತಕಗಳ ಮುಂದೆ ‘ಅಳಿಸಲಾಗಿದೆ’ ಎಂದಿತ್ತು, ಪಕ್ಕದಲ್ಲಿ ಅವರದೇ ಗೀಚು ಸಹಿ. ಮಾಡಿದ್ದುಣ್ಣೋ ಮಹಾರಾಯ ಎಂದು ತಮಗೆ ತಾವೇ ಹೇಳಿಕೊಂಡರು.

ಆಗ ಮೇಲಿನ ಕಾರಿಡಾರಿನ ಪೋಸ್ಟರ್ ನೆನಪಾಯಿತು. ಅದೇ ವರ್ಷ ಗ್ರಂಥಾಲಯದವರು ಮಾಡಿಸಿದ್ದು. ಎಡಗಡೆ ಕೊಳೆಯಾದ ಪುಟ, ಬಲಗಡೆ ತೊಳೆದ ಪುಟ, ಮೇಲೆ ‘ಮೊದಲು’, ‘ನಂತರ’. ಕೆಳಗೆ ‘ಕಾಲದ ಕೊಳೆಯನ್ನು ಕಳೆಯೋಣ’ ಎಂಬ ಘೋಷಣೆ. ಬಿಸಿಲಿಗೆ ಬಣ್ಣ ಹೋಗಿ ಈಗ ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಅಕ್ಕ ಭೂತಗನ್ನಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಎಡಗಡೆಯದು ಐದನೆಯ ಪುಸ್ತಕದ ಪುಟವೇ. ವಕ್ರವಾದ ಅಂಕಿಗಳಲ್ಲಿ ತಾರೀಖು, ಕೆಳಗೆ ಐದೈದರ ಗುಂಪಿನಲ್ಲಿ ಚುಕ್ಕಿಗಳು. ಬೆರಳಿಟ್ಟು ಎಣಿಸಿದರು. ಅರವತ್ತಮೂರು. ಮತ್ತೊಮ್ಮೆ ಎಣಿಸಿದರು. ಅರವತ್ತಮೂರೇ. ಕಾರ್ಖಾನೆ ಶುರುವಾಗಿ ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಕೆರೆಯಲ್ಲಿ ಅರವತ್ತಮೂರು ಹಕ್ಕಿಗಳಿದ್ದವು. ಬಲಗಡೆಯ ಪುಟದಲ್ಲಿ ಒಂದೂ ಇರಲಿಲ್ಲ.

“ಏನಕ್ಕಾ, ನಿಮ್ಮ ಕೆಲಸ ನೀವೇ ನೋಡಿ ದೃಷ್ಟಿ ಹಾಕ್ತಿದ್ದೀರಾ?” ಎಂದು ಮುಖ್ಯ ಗ್ರಂಥಪಾಲಕರು ಹಿಂದೆ ಬಂದು ನಿಂತರು. ಒಳ್ಳೆಯ ಮನುಷ್ಯ. ಯಾರು ಏನು ಕೊಟ್ಟರೂ ಸಹಿ ಹಾಕುವಷ್ಟು ಒಳ್ಳೆಯವರು. “ಕೆರೆ ಮೇಷ್ಟ್ರ ಕಾಗದ ಆಯ್ತಾ? ನಿಮಗೆ ಪುರುಸೊತ್ತಿಲ್ಲದಿದ್ರೆ ಮೇಲೆ ಕಳಿಸಿ, ನಾನೇ ಹಾಕಿ ಕೊಡ್ತೀನಿ. ಪಾಪ, ಎಷ್ಟು ಅಂತ ಅಲೆಯೋದು.”

“ನೋಡ್ತೀನಿ ಸರ್,” ಎಂದರು ಅಕ್ಕ.

ಅಂದು ಬೆಳಗಿನಿಂದ ಮೂರರವರೆಗೆ ಅವರು ಹದಿನೇಳು ಪುಟವನ್ನಷ್ಟೇ ಸ್ಕ್ಯಾನ್ ಮಾಡಿದರು. ಬೇರೆ ದಿನ ಇನ್ನೂರಾಗುತ್ತಿತ್ತು. ಎರಡು ಹಳೆಯ ದೂರುಗಳು ತಲೆಯಲ್ಲಿ ಸುತ್ತುತ್ತಿದ್ದವು. ಹನ್ನೆರಡು ವರ್ಷದ ಹಿಂದೆ ಕಲಾ ಇತಿಹಾಸದ ಪ್ರೊಫೆಸರಮ್ಮ ಇಳಿದು ಬಂದು, “ನಮ್ಮ ರಾಣಿ ಕೆನ್ನೆ ಮೇಲಿನ ಮಚ್ಚೆ ಎಲ್ಲಮ್ಮಾ?” ಎಂದಿದ್ದರು. ಅದಾದ ವಾರಕ್ಕೇ ಅರ್ಥಶಾಸ್ತ್ರದವರು ಒಬ್ಬರು ಬಂದು, ಒಂದು ದಶಮಾಂಶ ಬಿಂದು ಹಾರಿಹೋಗಿ ಇಡೀ ಜಿಲ್ಲೆ ಹತ್ತು ಪಟ್ಟು ಬಟ್ಟೆ ನೇಯ್ದುಬಿಟ್ಟಿದೆ ಎಂದಿದ್ದರು. ಎಲ್ಲರೂ ನಕ್ಕಿದ್ದರು. ಮೂಲ ಪುಸ್ತಕಗಳು ಮೇಲಿನ ಕಪಾಟಿನಲ್ಲೇ ಇದ್ದವು. ಮಚ್ಚೆ ಮರಳಿ ಬಂತು, ಬಿಂದು ಮರಳಿ ಬಂತು. ಅಂದಿನಿಂದ ಅಕ್ಕ ಗುಂಡಿಯನ್ನು ಎರಡಕ್ಕಿಂತ ಮೇಲೆ ತಿರುಗಿಸಿರಲಿಲ್ಲ. ಅದಕ್ಕೆ ಮುಂಚೆ ಏಳರಲ್ಲಿ ತೊಳೆದ ಪುಟಗಳ ಲೆಕ್ಕವನ್ನು ಅವರೂ ತೆಗೆದಿರಲಿಲ್ಲ, ಯಾರೂ ಕೇಳಿರಲಿಲ್ಲ. ಇದೊಂದನ್ನು ಬರೆದುಕೊಟ್ಟರೆ ಅದನ್ನೆಲ್ಲ ಕೇಳುತ್ತಾರೆ. ಹತ್ತೊಂಬತ್ತು ವರ್ಷದ ಹೆಸರು ಹೋಗುತ್ತದೆ. ಅಕ್ಕನಿಗೆ ಭಯವಾಯಿತು, ಮತ್ತು ಭಯಕ್ಕಿಂತ ಹೆಚ್ಚಾಗಿ ಸುಸ್ತಾಯಿತು.

ಮೇಷ್ಟ್ರು ಮೂರೂವರೆಗೆ ಬಂದರು. ಅಂಗಿಯ ತೋಳಿನಲ್ಲಿ ಸೀಮೆಸುಣ್ಣ. ಎದುರಿನ ಕುರ್ಚಿಯಲ್ಲಿ ಕೂತು ಚೀಲವನ್ನು ಕಾಲ ಬಳಿ ಇಟ್ಟುಕೊಂಡರು.

“ಮೇಷ್ಟ್ರೇ, ಒಂದು ವಿಷಯ ಹೇಳ್ಬೇಕು,” ಎಂದು ಅಕ್ಕ ಶುರುಮಾಡಿದರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. “ಐದನೇ ಪುಸ್ತಕದಿಂದ ಮುಂದೆ... ಅವು ಖಾಲಿ ಪುಟ ಅಲ್ಲ. ನಾನು...”

“ಗೊತ್ತು,” ಎಂದರು ಮೇಷ್ಟ್ರು.

“ಏನು ಗೊತ್ತು?”

“ಅರವತ್ತಮೂರು.”

ಅಕ್ಕ ಅವರ ಮುಖವನ್ನೇ ನೋಡಿದರು. ಮೇಷ್ಟ್ರು ಮೇಜಿನ ಅಂಚನ್ನು ನೋಡುತ್ತಿದ್ದರು.

“ನಾಲ್ಕು ವರ್ಷ ಆಯ್ತು. ಲಿಫ್ಟ್ ಕೆಟ್ಟಿತ್ತು, ರಿಪೇರಿಯವನಿಗೆ ಕಾಯ್ತಾ ಆ ಪೋಸ್ಟರ್ ಮುಂದೆ ನಿಂತಿದ್ದೆ. ತಾರೀಖು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸ್ತು. ಆಮೇಲೆ ಎಣಿಸಿದೆ. ಅವತ್ತೇ ಗುಮಾಸ್ತರ ಮನೆ ಹುಡುಕಿಕೊಂಡು ಹೋದೆ. ಸೊಸೆ ಇದ್ದರು. ಮನೆ ಬದಲಾಯಿಸುವಾಗ ಟ್ರಂಕು ಸಮೇತ ರದ್ದಿಗೆ ಹಾಕಿದ್ವಿ, ಹೇಗೂ ಗ್ರಂಥಾಲಯದಲ್ಲಿ ಇದೆಯಲ್ಲ ಅಂದ್ಕೊಂಡ್ವಿ, ಅಂದ್ರು. ಚಹಾ ಕೊಟ್ಟರು. ಕುಡಿದು ಬಂದೆ.”

“ಬಂದು?”

“ಬಂದು ಬರೆದೆ. ಅಷ್ಟು ಹೊತ್ತಿಗೆ ಐದು ವರ್ಷ ಆಗಿತ್ತು. ನನ್ನ ಮಗಳು ಶಾಲೆಗೆ ಹೋಗ್ತಿದ್ದವಳು ನನಗಿಂತ ಮೊದಲು ಡಾಕ್ಟರ್ ಆಗೋ ಹಾಗಿದ್ದಾಳೆ.” ಮೇಷ್ಟ್ರು ಮುಖ ಒರೆಸಿಕೊಂಡರು. “ನಿಮಗೂ ಗೊತ್ತಿದೆ ಅಂದ್ಕೊಂಡಿದ್ದೆ ಅಕ್ಕಾ. ದಿನಾ ಅದರ ಮುಂದೇನೇ ಓಡಾಡ್ತೀರಿ. ನನಗೋಸ್ಕರ ಸುಮ್ಮನಿದ್ದೀರಿ ಅಂತ. ಅದಕ್ಕೇ ಕೃತಜ್ಞತೆ ಪುಟದಲ್ಲಿ ನಿಮ್ಮನ್ನ ಅಷ್ಟು ಮೇಲೆ ಹಾಕಿದ್ದು.”

ಅಕ್ಕನಿಗೆ ಮೊದಲು ಸಿಟ್ಟು ಬಂತು. ತಮಗೆ ತಿಳಿಯದೆಯೇ ನಾಲ್ಕು ವರ್ಷ ತಮ್ಮನ್ನು ಕಳ್ಳತನದ ಪಾಲುದಾರಳನ್ನಾಗಿ ಮಾಡಿಕೊಂಡಿದ್ದ ಮನುಷ್ಯ ಎದುರಿಗೆ ಕೂತಿದ್ದ. ಅದರ ಹಿಂದೆಯೇ ನಾಚಿಕೆಯಾಯಿತು. ದಿನಾ ಓಡಾಡಿದ್ದು ನಿಜವೇ. ನೋಡಿರಲಿಲ್ಲ ಅಷ್ಟೆ.

“ಹಾಕಿಬಿಡಿ ಅಕ್ಕಾ,” ಎಂದರು ಮೇಷ್ಟ್ರು. ಅವರ ದನಿಯಲ್ಲಿ ಬೇಡುವವನ ದೈನ್ಯವೂ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ಟಿಕೇಟು ಕೇಳುವವನ ದನಿ. “ಸುಳ್ಳು ನನ್ನದು. ನಿಮ್ಮದು ಬರಿ ಕಣ್ತಪ್ಪು.”

“ಅಳಿಸಿದ್ದು ನಾನು.”

“ಯಾರಿಗೆ ಏನು ನಷ್ಟ? ಕೆರೆ ಹೋಗಿದೆ. ಕಾರ್ಖಾನೆನೂ ಮುಚ್ಚಿ ಕಾಲ ಆಯ್ತು. ಅರವತ್ತಮೂರಕ್ಕೆ ಒಂದೇ ದಿನದ ಸಾಕ್ಷಿ, ಉಳಿದ ಮೂರೂವರೆ ಸಾವಿರ ದಿನಕ್ಕೆ ಯಾವ ಸಾಕ್ಷಿನೂ ಇಲ್ಲ. ಹಕ್ಕಿ ಇದ್ದವು ಅಂತ ಹೇಳೋಕೂ ಬರಲ್ಲ, ಇರಲಿಲ್ಲ ಅಂತ ಹೇಳೋಕೂ ಬರಲ್ಲ. ಆ ಐದು ಪುಸ್ತಕ ತೆಗೆದರೆ ನನ್ನ ಹತ್ರ ಏನು ಉಳಿಯುತ್ತೆ?”

“ನಾಲ್ಕು ಪುಸ್ತಕ.”

“ನಾಲ್ಕು ಪುಸ್ತಕದಲ್ಲಿ ಏನೂ ಆಗಲ್ಲ ಅಕ್ಕಾ. ಹಕ್ಕಿ ಬರ್ತವೆ, ಹೋಗ್ತವೆ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ದೊಣ್ಣೆ ತಮ್ಮ ಕೈಯಲ್ಲಿದೆ ಎಂಬುದು ಅಕ್ಕನಿಗೆ ಗೊತ್ತಿತ್ತು. ಎದುರಿನ ಮನುಷ್ಯನ ಕೂದಲು ಒಂಬತ್ತು ವರ್ಷದಲ್ಲಿ ಇದೇ ಕೋಣೆಯಲ್ಲಿ ಬೆಳ್ಳಗಾಗಿತ್ತು. ಸಹಿ ಹಾಕಬೇಕೆಂದು ಅವರಿಗೆ ನಿಜವಾಗಿಯೂ ಅನ್ನಿಸಿತು. ಪೆನ್ನನ್ನು ತೆಗೆದುಕೊಂಡರು ಕೂಡ. ಆದರೆ ಕಾಗದದ ಮೇಲೆ ಬಗ್ಗಿದಾಗ ಕಣ್ಣ ಮುಂದೆ ಬಂದದ್ದು ಆ ಗುಮಾಸ್ತ. ಆತನ ಮುಖವನ್ನು ಅವರು ಕಂಡವರಲ್ಲ. ಕಂಡದ್ದು ಪೆನ್ಸಿಲ್ ಹಿಡಿದ ಒಂದು ನಡುಗುವ ಕೈ, ಅಷ್ಟೇ.

“ಮೇಷ್ಟ್ರೇ,” ಎಂದರು ನಿಧಾನವಾಗಿ, “ಆ ಮನುಷ್ಯ ಕೈ ನಡುಗ್ತಾ ಇದ್ರೂ ಹತ್ತು ವರ್ಷ ದಿನಾ ಬೆಳಿಗ್ಗೆ ಎದ್ದು ಹೋಗಿ ಎಣಿಸಿದ್ದಾನೆ. ಕಂಡಿದ್ದಾನೆ, ಕಂಡದ್ದನ್ನ ಇಟ್ಟಿದ್ದಾನೆ. ಅವನು ಏನೂ ಕಾಣದೆ ಸುಮ್ಮನೆ ವಾಪಸು ಬಂದ ಅಂತ ನಾವಿಬ್ಬರೂ ಸೇರಿ ಹೇಳ್ತಿದ್ದೀವಿ. ನನ್ನದು ಕಣ್ತಪ್ಪು, ಆಯ್ತು. ಇವತ್ತು ಸಹಿ ಹಾಕಿದರೆ ಅದನ್ನ ಏನಂತ ಕರೆಯೋದು?”

ಮೇಲಿನ ಕಾರಿಡಾರಿನಲ್ಲಿ ಯಾರೋ ಪುಸ್ತಕದ ತಳ್ಳುಗಾಡಿಯನ್ನು ಎಳೆದುಕೊಂಡು ಹೋದರು. ಅದರ ಒಂದು ಚಕ್ರ ಕೀಚಲಾಗಿ ಕಿರುಗುಟ್ಟುತ್ತಿತ್ತು.

ಅಕ್ಕ ಅಚ್ಚಾದ ಸಾಲಿನ ಮೇಲೆ ಗೆರೆ ಎಳೆದರು. ಅದರ ಕೆಳಗೆ, ದುಂಡಗಿನ ತಮ್ಮ ಅಕ್ಷರದಲ್ಲಿ ಬರೆದರು: ‘ಒಂದರಿಂದ ನಾಲ್ಕನೆಯ ಪುಸ್ತಕದವರೆಗೆ ಪ್ರತಿ ಮೂಲದಂತಿದೆ. ಐದರಿಂದ ಒಂಬತ್ತನೆಯ ಪುಸ್ತಕದವರೆಗಿನ ಪುಟಗಳಲ್ಲಿದ್ದ ಪೆನ್ಸಿಲ್ ಚುಕ್ಕಿಗಳನ್ನು ಕಲೆಗಳೆಂದು ತಿಳಿದು ನಾನು ಅಳಿಸಿದ್ದೇನೆ. ಆ ಪುಟಗಳು ಖಾಲಿಯಾಗಿರಲಿಲ್ಲ.’ ಸಹಿ ಹಾಕಿದರು, ತಾರೀಖು ಹಾಕಿದರು, ಮೊಹರು ಒತ್ತಿದರು. ಮೊಹರು ಸರಿಯಾಗಿ ಬೀಳದೆ ಅರ್ಧ ಮಸುಕಾಯಿತು. ಕಾಗದವನ್ನು ತಿರುಗಿಸಿ ಮೇಷ್ಟ್ರ ಮುಂದಿಟ್ಟರು.

“ಮೇಲೆ ಹೋದರೆ ಸಾಹೇಬರು ಬೇರೆ ಹಾಳೆಗೆ ಸಹಿ ಹಾಕಿಕೊಡ್ತಾರೆ,” ಎಂದರು. “ಓದೋದೂ ಇಲ್ಲ. ನಾನು ಮೇಲೆ ಬಂದು ಏನೂ ಹೇಳಲ್ಲ. ನನ್ನ ಕೈಲಿ ಆಗೋದು ಇಷ್ಟೇ.”

ಮೇಷ್ಟ್ರು ಓದಿದರು. ಚಿಕ್ಕ ಕಾಗದ, ಆದರೆ ಬಹಳ ಹೊತ್ತು ಓದಿದರು. ಕೊನೆಯ ಸಾಲಿಗೆ ಬಂದು ಮತ್ತೆ ಮೊದಲಿಗೆ ಹೋದಂತಿತ್ತು. ಅವರು ಎದ್ದು ಮೆಟ್ಟಿಲ ಕಡೆ ಹೋಗುತ್ತಾರೆಂದು ಅಕ್ಕ ಕಾದರು. ಹೋದರೆ ತಡೆಯಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

“ಪರೀಕ್ಷಕರು ಮೂರು ಜನ,” ಎಂದರು ಮೇಷ್ಟ್ರು ಕೊನೆಗೆ. “ಮೂರು ಪ್ರತಿ ಬೇಕಾಗುತ್ತೆ.”

“ಕೂತಿರಿ. ತೆಗೆದುಕೊಂಡು ಬರ್ತೀನಿ.”

ನಕಲು ಯಂತ್ರ ಇದ್ದದ್ದು ಮೊದಲ ಮಹಡಿಯ ಮೂಲೆಯಲ್ಲಿ. ಮುಂದೆ ಜೀವಶಾಸ್ತ್ರದ ಇಬ್ಬರು ಒಂದು ಇಡೀ ಪುಸ್ತಕವನ್ನೇ ತಂದು ನಿಂತಿದ್ದರು. ನಡುವೆ ಕಾಗದ ಸಿಕ್ಕಿಕೊಂಡಿತು. ಅಕ್ಕ ಗೋಡೆಗೆ ಒರಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತರು. ಬೇಗ ಬೇಕೇ ಎಂದು ಅವರಲ್ಲೊಬ್ಬ ಕೇಳಿದ. ಅವಸರವಿಲ್ಲ ಎಂದರು. ತಮ್ಮ ಸರದಿ ಬಂದಾಗ ಕಾಗದವನ್ನು ಗಾಜಿನ ಮೇಲೆ ಮಗುಚಿಟ್ಟರು. ಮೂರು ಹಾಳೆ ಹೊರಬಂದವು.

ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ನೋಡಿದರೆ ಮೇಷ್ಟ್ರು ಮೇಜಿನ ಮೇಲೆ ತೋಳುಗಳನ್ನು ಮಡಿಸಿ, ಅದರ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕಾಲಿನ ಚಪ್ಪಲಿ ಕಳಚಿ ಕುರ್ಚಿಯ ಕೆಳಗೆ ಮಗುಚಿಕೊಂಡಿತ್ತು. ಉಸಿರು ಆಳವಾಗಿ, ಒಂದೇ ಸಮನೆ ಹೋಗಿ ಬರುತ್ತಿತ್ತು.

ಅಕ್ಕ ಎಬ್ಬಿಸಲಿಲ್ಲ. ಸದ್ದಾಗದಂತೆ ಎದುರಿನ ಸ್ಟೂಲನ್ನು ಎಳೆದುಕೊಂಡು ಕೂತು, ಮೂರು ಪ್ರತಿಗಳನ್ನೂ ತೊಡೆಯ ಮೇಲಿಟ್ಟುಕೊಂಡರು. ಅವು ಇನ್ನೂ ಬೆಚ್ಚಗಿದ್ದವು.